ಕಳುಹಿಸಿದವನ ಹೊಣೆ ವಿಮಾನ ನಿಲ್ದಾಣದಲ್ಲಿ ಮುಗಿಯುವುದೇ?

ಕೊಲ್ಲಿ ರಾಷ್ಟ್ರವೊಂದಕ್ಕೆ ಹೊರಟ ವಿಮಾನದಲ್ಲಿ ಒಂದೇ ಕಂಪೆನಿಯ ಇಬ್ಬರು ಉದ್ಯೋಗಿಗಳು ಇದ್ದಾರೆಂದು ಭಾವಿಸೋಣ. ಒಬ್ಬಾತ ಯೋಜನಾ ವ್ಯವಸ್ಥಾಪಕ, ಇನ್ನೊಬ್ಬ ಕಟ್ಟಡಕ್ಕೆ ಕಬ್ಬಿಣದ ಸರಳು ಕಟ್ಟುವ ಕಾರ್ಮಿಕ. ಇಬ್ಬರೂ ಇಳಿಯುವ ನಗರ ಒಂದೇ, ದುಡಿಯುವ ಕಟ್ಟಡ ಒಂದೇ, ವೀಸಾದ ಮೇಲಿರುವ ಪ್ರಾಯೋಜಕನ ಹೆಸರೂ ಒಂದೇ. ಆದರೆ ಮೊದಲನೆಯವನ ಪ್ರಯಾಣಕ್ಕೆ ಕಂಪೆನಿಯ ಕಡತದಲ್ಲಿ ‘ವಿದೇಶಿ ನಿಯೋಜನೆ’ ಎಂಬ ಗೌರವದ ಹೆಸರಿದೆ. ಎರಡನೆಯವನ ಪ್ರಯಾಣಕ್ಕೆ ‘ಮಾನವಶಕ್ತಿ ಪೂರೈಕೆ’ ಎನ್ನುತ್ತಾರೆ. ಸಿಮೆಂಟು, ಜಲ್ಲಿ, ಮರಳಿನ ಪೂರೈಕೆಗೂ ಅದೇ ಪದ!

ಮೊದಲನೆಯವನಿಗಾಗಿ ಕಂಪೆನಿ ಏನೆಲ್ಲ ಮಾಡುತ್ತದೆ? ಮಾನವ ಸಂಪನ್ಮೂಲ ನಿರ್ವಹಣೆ ಎಂಬ ಶಾಸ್ತ್ರವೇ ಇದಕ್ಕಾಗಿ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ವಿದೇಶಕ್ಕೆ ಕಳುಹಿಸುವ ಮುನ್ನ ಆತನನ್ನು ಸಂದರ್ಶಿಸುವುದು ಮಾತ್ರವಲ್ಲ, ಪತ್ನಿಯ ಅಭಿಪ್ರಾಯವನ್ನೂ ಕೇಳಬೇಕೆಂದು ಅದು ಹೇಳುತ್ತದೆ. ಏಕೆಂದರೆ, ವಿದೇಶಿ ನಿಯೋಜನೆಗಳು ಅರ್ಧದಲ್ಲೇ ಕುಸಿಯುವುದಕ್ಕೆ ಕುಟುಂಬದ ಅತೃಪ್ತಿಯು ಒಂದು ದೊಡ್ಡ ಕಾರಣವೆಂಬುದನ್ನು ಬಹುರಾಷ್ಟ್ರೀಯ ಕಂಪೆನಿಗಳು ಬಹಳ ಹಿಂದೆಯೇ ಅರಿತುಕೊಂಡಿವೆ. ಆದ್ದರಿಂದ ಮನೆಬಾಡಿಗೆ, ಮಕ್ಕಳ ಶಾಲಾ ಶುಲ್ಕ, ವರ್ಷಕ್ಕೊಮ್ಮೆ ಊರಿಗೆ ಬಂದು ಹೋಗುವ ಟಿಕೇಟು, ಕುಟುಂಬಕ್ಕೆ ವೈದ್ಯಕೀಯ ವಿಮೆ, ತುರ್ತು ಸಂದರ್ಭದಲ್ಲಿ ತಾಯ್ನಾಡಿಗೆ ಸಾಗಿಸುವ ಏರ್ಪಾಡು, ಹವಾಮಾನ ಕಠಿಣವಾಗಿದ್ದರೆ ಅದಕ್ಕೊಂದು ಭತ್ಯೆ ಇವೆಲ್ಲ ಒಪ್ಪಂದದಲ್ಲೇ ಸೇರುತ್ತವೆ. ಆತ ಮರಳಿ ಬಂದ ಮೇಲೆ ಯಾವ ಹುದ್ದೆಯಲ್ಲಿ ಕೂರಿಸಬೇಕೆಂಬುದನ್ನೂ ಮೊದಲೇ ಯೋಚಿಸಿಟ್ಟಿರುತ್ತಾರೆ. ಅಂದರೆ ಆಯ್ಕೆ, ಸಿದ್ಧತೆ, ವಾಸ, ಕುಟುಂಬ, ಮರಳುವಿಕೆ ಎಂಬ ಐದೂ ಹಂತಗಳಲ್ಲಿ ಕಳುಹಿಸಿದವನ ಹೊಣೆಯಿದೆ ಎಂಬುದು ಒಪ್ಪಿತ ತತ್ವ.

ಇದು ತಪ್ಪೆಂದು ನಾವು ಹೇಳುತ್ತಿಲ್ಲ. ಮನುಷ್ಯನೊಬ್ಬನನ್ನು ಆತನ ಮಣ್ಣಿನಿಂದ, ಮಡದಿ ಮಕ್ಕಳಿಂದ ಬೇರ್ಪಡಿಸಿ ಪರದೇಶದಲ್ಲಿ ದುಡಿಸುವಾಗ ಇಷ್ಟನ್ನು ಮಾಡಲೇಬೇಕು. ನಮ್ಮ ಪ್ರಶ್ನೆ ಬೇರೆ. ಇದೇ ಕಂಪೆನಿಯ ಇದೇ ವಿಭಾಗವು ಎರಡನೆಯವನ ಕಡತವನ್ನು ಕೈಗೆತ್ತಿಕೊಂಡಾಗ ಈ ಜ್ಞಾನವೆಲ್ಲ ಎಲ್ಲಿ ಮಾಯವಾಗುತ್ತದೆ? ಮ್ಯಾನೇಜರನ ಪತ್ನಿಗೆ ಒಂಟಿತನ ಕಾಡುತ್ತದೆ, ಕಾರ್ಮಿಕನ ಪತ್ನಿಗೆ ಕಾಡುವುದಿಲ್ಲವೇ? ಮ್ಯಾನೇಜರನ ಮಕ್ಕಳಿಗೆ ತಂದೆ ಬೇಕು, ಕಾರ್ಮಿಕನ ಮಕ್ಕಳಿಗೆ ತಂದೆಯ ಬದಲು ತಿಂಗಳ ಹಣ ಸಾಕೇ? ಗೊತ್ತಿಲ್ಲದೆ ಮಾಡುವ ಅನ್ಯಾಯಕ್ಕೆ ತಿಳಿಹೇಳಬಹುದು. ಇದು ಎಲ್ಲವನ್ನೂ ತಿಳಿದು, ಲೆಕ್ಕ ಹಾಕಿ, ಉಳಿತಾಯವೆಂದು ಬರೆದುಕೊಂಡು ಮಾಡುವ ಅನ್ಯಾಯ.

ಕೊಲ್ಲಿಯ ಆರು ರಾಷ್ಟ್ರಗಳಲ್ಲಿ ಸುಮಾರು 90 ಲಕ್ಷ ಭಾರತೀಯರಿದ್ದಾರೆ. ವಿಶ್ವಬ್ಯಾಂಕಿನ ಅಂದಾಜಿನಂತೆ 2024ರಲ್ಲಿ ಜಗತ್ತಿನಾದ್ಯಂತ ಇರುವ ಅನಿವಾಸಿ ಭಾರತೀಯರು ತಾಯ್ನಾಡಿಗೆ ಕಳುಹಿಸಿದ ಹಣ 12 ಸಾವಿರ ಕೋಟಿ ಡಾಲರಿಗೂ ಹೆಚ್ಚು. ಬೇರಾವ ದೇಶಕ್ಕೂ ಅಷ್ಟು ಹಣ ಹರಿದು ಬಂದಿಲ್ಲ. ಇದರಲ್ಲಿ ಕೊಲ್ಲಿಯ ಪಾಲು ಬಹಳ ದೊಡ್ಡದು. ಭಟ್ಕಳ, ಉಡುಪಿ, ಮಂಗಳೂರು, ಉಳ್ಳಾಲ, ಬಂಟ್ವಾಳ, ಪುತ್ತೂರುಗಳಲ್ಲಿ ಎದ್ದು ನಿಂತ ಮನೆಗಳು, ಶಾಲೆಗಳು, ಮಸೀದಿಗಳು, ಅಂಗಡಿ ಮಳಿಗೆಗಳು ಈ ಹಣದ ಕಥೆ ಹೇಳುತ್ತವೆ. ಆ ಕಥೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಸಮುದಾಯವು ಅದರ ಇನ್ನೊಂದು ಮಗ್ಗುಲನ್ನೂ ಚರ್ಚಿಸಬೇಕಲ್ಲವೇ?

ಮೊದಲನೆಯದಾಗಿ, ಪ್ರಯಾಣದ ಖರ್ಚು ಯಾರದು ಎಂಬ ಪ್ರಶ್ನೆ. ಮ್ಯಾನೇಜರನನ್ನು ಕಳುಹಿಸಲು ಕಂಪೆನಿಯು ಲಕ್ಷಗಟ್ಟಲೆ ಖರ್ಚು ಮಾಡುತ್ತದೆ. ಕಾರ್ಮಿಕನಾದರೋ ತನ್ನನ್ನು ಕಳುಹಿಸಿಕೊಳ್ಳಲು ತಾನೇ ಸಾಲ ಮಾಡಬೇಕು. ನೋಂದಾಯಿತ ಏಜೆಂಟನು ಪಡೆಯಬಹುದಾದ ಗರಿಷ್ಠ ಶುಲ್ಕವನ್ನು ಭಾರತ ಸರಕಾರವು 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಎಂದು ನಿಗದಿಪಡಿಸಿತು. ಸಂಯುಕ್ತ ಅರಬ್ ಸಂಸ್ಥಾನದ 2021ರ ಕಾರ್ಮಿಕ ಕಾನೂನು ಇನ್ನೂ ಮುಂದೆ ಹೋಗಿ, ನೇಮಕಾತಿಯ ವೆಚ್ಚವನ್ನು ಕಾರ್ಮಿಕನಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ವಸೂಲು ಮಾಡಬಾರದೆಂದಿದೆ. ಕಾಗದದ ಮೇಲೆ ಇಷ್ಟೆಲ್ಲ ಇದ್ದರೂ, ವೀಸಾಕ್ಕೆಂದು ಎಷ್ಟು ಕೊಟ್ಟಿರೆಂದು ನಮ್ಮ ಯಾವುದೇ ಮೊಹಲ್ಲಾದಲ್ಲಿ ಕೇಳಿ ನೋಡಿ. ತಾಯಿಯ ಚಿನ್ನ ಅಡವಿಟ್ಟ, ಜಾಗ ಮಾರಿದ ಉತ್ತರಗಳೇ ಸಿಗುತ್ತವೆ.

ಈ ಹಣ ಹೋಗುವುದೆಲ್ಲಿಗೆ? ಎಲ್ಲವೂ ಯಾರೋ ಅಪರಿಚಿತ ಅರಬಿಯ ಕಿಸೆಗೆ ಹೋಗುತ್ತದೆಂದು ತಿಳಿದರೆ ಅದು ನಮ್ಮನ್ನು ನಾವು ಸಮಾಧಾನಪಡಿಸಿಕೊಳ್ಳುವ ಉಪಾಯವಷ್ಟೆ. ‘ಫ್ರೀ ವೀಸಾ’ ಎಂಬ ಮಾರುಕಟ್ಟೆಯಲ್ಲಿ ಮಾರುವವನು ಅನೇಕ ವೇಳೆ ಊರಿನವನೇ, ಕೆಲವೊಮ್ಮೆ ಸಂಬಂಧಿಕನೇ. ಹೆಸರಿಗೆ ಒಬ್ಬ ಪ್ರಾಯೋಜಕ, ದುಡಿಯುವುದು ಇನ್ನೆಲ್ಲೋ. ಅದರಲ್ಲಿ ‘ಫ್ರೀ’ ಎಂಬುದೇನೂ ಇಲ್ಲ. ಕಾನೂನಿನ ಕಣ್ಣಿನಲ್ಲಿ ಆ ಯುವಕ ಇಳಿದ ದಿನವೇ ಅಪರಾಧಿ. ಪೊಲೀಸರ ತಪಾಸಣೆ ನಡೆದರೆ ಸೆರೆ, ಗಾಯಗೊಂಡರೆ ಪರಿಹಾರವಿಲ್ಲ, ಸಂಬಳ ಸಿಗದಿದ್ದರೆ ದೂರು ಕೊಡುವ ಹಕ್ಕಿಲ್ಲ. ಹೀಗೆ ಬಡವನ ಮಗನ ಅಸಹಾಯಕತೆಯಿಂದ ಗಳಿಸಿದ ಹಣದಿಂದ ಊರಲ್ಲಿ ದಾನ ಮಾಡಿ ‘ಉದಾರಿ’ ಎನಿಸಿಕೊಳ್ಳುವವರಿಗೆ ನಮ್ಮ ವೇದಿಕೆಗಳಲ್ಲಿ ಶಾಲು ಹೊದಿಸುವುದು ಇನ್ನಾದರೂ ನಿಲ್ಲಬೇಕು.

ಎರಡನೆಯದು, ಪಾಸ್‌ಪೋರ್ಟು. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಭಾರತೀಯ ಪಾಸ್‌ಪೋರ್ಟು ಎಲ್ಲ ಕಾಲಕ್ಕೂ ಕೇಂದ್ರ ಸರಕಾರದ ಸೊತ್ತು. ಅದನ್ನು ಹೊಂದಿದವನಿಗೂ ಅದರ ಮಾಲಿಕತ್ವವಿಲ್ಲ. ಹೀಗಿರುವಾಗ ಕಂಪೆನಿಯ ಕಪಾಟಿನಲ್ಲಿ ನೂರಾರು ಪಾಸ್‌ಪೋರ್ಟುಗಳು ಬಂದು ಬೀಳುವುದು ಹೇಗೆ? ಕೊಲ್ಲಿಯ ಕಾನೂನುಗಳೇ ಇದನ್ನು ನಿಷೇಧಿಸಿವೆ. ಕತಾರ್ 2020ರಲ್ಲಿ ಮಾಲಿಕನ ನಿರಾಕ್ಷೇಪಣಾ ಪತ್ರವಿಲ್ಲದೆಯೇ ಕೆಲಸ ಬದಲಿಸುವ ಅವಕಾಶ ನೀಡಿತು. 2021ರ ಮಾರ್ಚ್‌ನಿಂದ ಎಲ್ಲ ಕಾರ್ಮಿಕರಿಗೂ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನವನ್ನು, ಊಟ ಮತ್ತು ವಸತಿ ಒದಗಿಸದಿದ್ದರೆ ಅದಕ್ಕೆ 300 ಮತ್ತು 500 ರಿಯಾಲ್‌ಗಳನ್ನು ಗೊತ್ತುಪಡಿಸಿತು. ಸೌದಿ ಅರೇಬಿಯಾವು 2021ರ ಮಾರ್ಚ್‌ನಲ್ಲಿ ಜಾರಿಗೆ ತಂದ ಸುಧಾರಣೆಯಲ್ಲಿ ಖಾಸಗಿ ವಲಯದ ಕಾರ್ಮಿಕರಿಗೆ ಕೆಲಸ ಬದಲಿಸಲು ಹಾಗೂ ದೇಶ ಬಿಟ್ಟು ಹೊರಡಲು ಸ್ವಲ್ಪ ದಾರಿ ತೆರೆಯಿತು. ಆದರೆ ಮನೆಗೆಲಸದವರು, ಚಾಲಕರು, ತೋಟದ ಮಾಲಿಗಳು ಆ ಸುಧಾರಣೆಯ ಹೊರಗುಳಿದರು. ಅತಿ ಹೆಚ್ಚು ರಕ್ಷಣೆ ಬೇಕಾದವರೇ ಬಾಗಿಲಾಚೆ!

ಆಡಳಿತಗಾರರು ಕಾನೂನು ಬರೆಯುತ್ತಾರೆ. ಅದನ್ನು ದಿನನಿತ್ಯ ನಡೆಸುವವರು ಯಾರು? ಕಪಾಟಿನ ಕೀಲಿ ಯಾರ ಕೈಯಲ್ಲಿದೆ? ಹಾಜರಾತಿ ಪುಸ್ತಕದಲ್ಲಿ ಹೆಚ್ಚುವರಿ ಗಂಟೆಗಳನ್ನು ಅಳಿಸುವವನು ಯಾರು? ಸಂಬಳ ಕೇಳಿದವನ ಮೇಲೆ ‘ಹುರೂಬ್’ ಅಂದರೆ ಪರಾರಿಯಾದವನೆಂದು ದೂರು ದಾಖಲಿಸುವ ಗುಮಾಸ್ತ ಯಾರು? ಬಹಳಷ್ಟು ಕಡೆಗಳಲ್ಲಿ ಅವರು ನಮ್ಮವರೇ. ನಮ್ಮ ಕಾಲೇಜುಗಳಲ್ಲಿ ವಾಣಿಜ್ಯ ಕಲಿತ, ವ್ಯವಹಾರ ಆಡಳಿತದ ಪದವಿ ಪಡೆದ ಮಾನವ ಸಂಪನ್ಮೂಲ ಅಧಿಕಾರಿಗಳು, ಮೇಲ್ವಿಚಾರಕರು, ಲೆಕ್ಕಿಗರು. ಅಷ್ಟೇಕೆ, ಕೊಲ್ಲಿಯಲ್ಲಿ ಬೆಳೆದು ನಿಂತ ಉದ್ಯಮಗಳ ಮಾಲಿಕರಲ್ಲಿ ಕರಾವಳಿಯವರೂ ಕೇರಳೀಯರೂ ಸಾಕಷ್ಟಿದ್ದಾರೆ. ಅವರಲ್ಲಿ ತಮ್ಮ ನೌಕರರನ್ನು ಮನೆಯವರಂತೆ ಕಾಣುವವರಿದ್ದಾರೆ, ಅವರ ಕುರಿತು ನಮಗೆ ಗೌರವವಿದೆ. ಆದರೆ ‘ಮೇಲಿನವರ ಆದೇಶ’ ಎಂಬ ಮಾತನ್ನು ಗುರಾಣಿ ಮಾಡಿಕೊಂಡು ಬಡವನ ಹಕ್ಕಿಗೆ ಸಹಿ ಹಾಕದವರೂ ಇದ್ದಾರೆ. ನಾಳೆ ಲೆಕ್ಕ ಒಪ್ಪಿಸಬೇಕಾದ ಸ್ಥಳದಲ್ಲಿ ಆ ಗುರಾಣಿ ಉಪಯೋಗಕ್ಕೆ ಬರುವುದೆಂದು ಅವರು ನಂಬಿದ್ದಾರೆಯೇ?

ಇಲ್ಲಿ ಒಂದು ಪದದ ಕುರಿತು ಹೇಳಲೇಬೇಕು. ಕಫಾಲತ್ ಎಂಬುದು ಇಸ್ಲಾಮೀ ಪರಂಪರೆಯಲ್ಲಿ ಹೊಣೆ ಹೊರುವಿಕೆಗೆ, ಜಾಮೀನಿಗೆ, ಅನಾಥ ಮಗುವಿನ ಪೋಷಣೆಗೆ ಬಳಸಲ್ಪಡುವ ಪದ. ಕಫೀಲ್ ಎಂದರೆ ದುರ್ಬಲನ ಭಾರವನ್ನು ತನ್ನ ಹೆಗಲಿಗೇರಿಸಿಕೊಂಡವನು. ಅದೇ ಪದವನ್ನು ಇಂದು ದುರ್ಬಲನ ಹೆಗಲ ಮೇಲೆ ತಾನೇ ಏರಿ ಕೂರುವ ವ್ಯವಸ್ಥೆಗೆ ಇಡಲಾಗಿದೆ. ಧರ್ಮದ ಶಬ್ದಕೋಶದಿಂದ ಪದವನ್ನು ಎರವಲು ಪಡೆದು ಅದರ ಅರ್ಥವನ್ನು ಹೊರಗೆಸೆದ ಈ ವ್ಯವಸ್ಥೆಯನ್ನು ಖಂಡಿಸಲು ನಮಗೆ ಪಾಶ್ಚಾತ್ಯರ ಮಾನವ ಹಕ್ಕು ಸಂಘಟನೆಗಳ ವರದಿ ಬೇಕಾಗಿಲ್ಲ. ಬೆವರು ಆರುವ ಮುನ್ನ ಕೂಲಿ ತಲಪಬೇಕೆಂಬ ಪ್ರವಾದಿ ಬೋಧನೆಯನ್ನು ಮಕ್ಕಳಿಗೆ ಮದ್ರಸಾದಲ್ಲೇ ಕಲಿಸುತ್ತೇವಲ್ಲ, ಅದೊಂದೇ ಸಾಕು.

ಮೂರನೆಯದು, ಕೂಲಿಯ ಲೆಕ್ಕ. ಸಂಯುಕ್ತ ಅರಬ್ ಸಂಸ್ಥಾನವು 2009ರಲ್ಲಿ ವೇತನವನ್ನು ಬ್ಯಾಂಕು ಮೂಲಕವೇ ಪಾವತಿಸಬೇಕೆಂಬ ವೇತನ ರಕ್ಷಣಾ ವ್ಯವಸ್ಥೆಯನ್ನು ತಂದಿತು. ಸೌದಿ, ಕತಾರ್‌ಗಳೂ ಅದನ್ನು ಅನುಸರಿಸಿದವು. ಒಳ್ಳೆಯ ಹೆಜ್ಜೆಯೇ. ಆದರೆ ಬ್ಯಾಂಕು ಎಣಿಸುವುದು ಹಣವನ್ನು ಮಾತ್ರ, ಒಪ್ಪಂದದೊಳಗಿನ ಚಮತ್ಕಾರವನ್ನಲ್ಲ. ಸಂಬಳವನ್ನು ‘ಮೂಲ ವೇತನ’ ಮತ್ತು ‘ಭತ್ಯೆ’ ಎಂದು ಒಡೆಯುವ ಚಮತ್ಕಾರವಿದೆಯಲ್ಲ, ಅದನ್ನು ಪ್ರತಿಯೊಂದು ಕುಟುಂಬವೂ ಅರ್ಥ ಮಾಡಿಕೊಳ್ಳಬೇಕು. ಅಲ್ಲಿನ ಕಾನೂನಿನಂತೆ ಸೇವಾಂತ್ಯದ ಗ್ರಾಚ್ಯುಟಿಯು ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲ ವೇತನ, ಆ ಬಳಿಕದ ಪ್ರತಿ ವರ್ಷಕ್ಕೆ 30 ದಿನಗಳ ಮೂಲ ವೇತನ. ಒಬ್ಬನ ಒಟ್ಟು ಸಂಬಳ 2,000 ದಿರ್ಹಂ ಎಂದಿಟ್ಟುಕೊಳ್ಳಿ. ಒಪ್ಪಂದದಲ್ಲಿ ಮೂಲ ವೇತನ 1,600 ಎಂದು ಬರೆದಿದ್ದರೆ ಹತ್ತು ವರ್ಷಗಳ ದುಡಿಮೆಗೆ ಆತನಿಗೆ ಸಿಗುವ ಗ್ರಾಚ್ಯುಟಿ 13,600 ದಿರ್ಹಂ. ಅದನ್ನೇ 800 ಎಂದು ಬರೆದಿದ್ದರೆ 6,800 ದಿರ್ಹಂ ಮಾತ್ರ. ತಿಂಗಳು ತಿಂಗಳು ಕೈಗೆ ಬರುವ ಹಣದಲ್ಲಿ ಒಂದು ಕಾಸೂ ವ್ಯತ್ಯಾಸವಿಲ್ಲ. ಹತ್ತು ವರ್ಷಗಳ ಬಳಿಕ ಊರಿಗೆ ಮರಳುವ ದಿನ ಅರ್ಧ ಹಣ ಮಾಯ!

ಸಂಬಳವನ್ನು ಹೀಗೆ ಒಡೆಯುವುದರ ಕುರಿತು ನಮ್ಮ ಸುಪ್ರೀಂ ಕೋರ್ಟು ಹೇಳಿದ ಮಾತು ಗಮನಾರ್ಹ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನವು ಮಂಗಳೂರಿನಲ್ಲಿ ದುರಂತಕ್ಕೀಡಾಗಿ 158 ಮಂದಿ ಮೃತಪಟ್ಟರಷ್ಟೆ. ಅವರಲ್ಲಿ ಕೊಲ್ಲಿಯ ಕಂಪೆನಿಯೊಂದರ ಉನ್ನತಾಧಿಕಾರಿಯೂ ಇದ್ದರು. ಪರಿಹಾರದ ಲೆಕ್ಕ ಹಾಕುವಾಗ ಅವರ ಸಂಬಳದ ಕೆಲವು ಭತ್ಯೆಗಳನ್ನು ಕಳೆದು ನೋಡಲಾಗಿತ್ತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಮಾಲಿಕನು ತನ್ನ ಅನುಕೂಲಕ್ಕಾಗಿ ಸಂಬಳವನ್ನು ನಾನಾ ಶೀರ್ಷಿಕೆಗಳಲ್ಲಿ ಒಡೆದಿರಬಹುದು, ಆ ಕಾರಣಕ್ಕಾಗಿ ಆತನ ಆದಾಯ ಕಡಿಮೆಯಾಗದು ಎಂಬುದು ತೀರ್ಪಿನ ಸಾರ. ಆ ಕುಟುಂಬಕ್ಕೆ ಏಳು ಕೋಟಿ ರೂಪಾಯಿಗೂ ಹೆಚ್ಚಿನ ಪರಿಹಾರ ದೊರೆಯಿತು. ನ್ಯಾಯವೇ. ನಾವು ಕೇಳುವುದಿಷ್ಟೆ: ಅಧಿಕಾರಿಯ ಸಾವಿನ ಪರಿಹಾರಕ್ಕೆ ಅನ್ವಯವಾದ ಈ ನ್ಯಾಯಬುದ್ಧಿಯು ಕಾರ್ಮಿಕನ ಬದುಕಿನ ಗಳಿಕೆಗೆ ಅನ್ವಯವಾಗುವುದು ಯಾವಾಗ?

ಇನ್ನು, ಬರೆದ ಅಷ್ಟು ಗ್ರಾಚ್ಯುಟಿಯಾದರೂ ಭದ್ರವಾಗಿದೆಯೇ? ಸಾಮಾನ್ಯವಾಗಿ ಅದು ಪ್ರತ್ಯೇಕ ನಿಧಿಯಲ್ಲಿಲ್ಲ, ಕಂಪೆನಿಯ ಲೆಕ್ಕಪುಸ್ತಕದಲ್ಲಿ ಸಾಲವಾಗಿ ಮಾತ್ರ ಇದೆ. ಕಂಪೆನಿ ಮುಳುಗಿದರೆ ಸಾಲವೂ ಮುಳುಗಿತು. 2016ರಲ್ಲಿ ಸೌದಿ ಅರೇಬಿಯಾದ ಬೃಹತ್ ನಿರ್ಮಾಣ ಕಂಪೆನಿ ಸೌದಿ ಓಜರ್ ಸಂಬಳ ನಿಲ್ಲಿಸಿದಾಗ ಸಾವಿರಾರು ಭಾರತೀಯರು ಶಿಬಿರಗಳಲ್ಲಿ ಅನ್ನವಿಲ್ಲದೆ ಕುಳಿತರು. ವಿದೇಶಾಂಗ ಸಚಿವೆಯಾಗಿದ್ದ ಸುಷ್ಮಾ ಸ್ವರಾಜ್‌ರು ಅವರಿಗೆ ಪಡಿತರ ಒದಗಿಸುವಂತೆ ರಾಯಭಾರ ಕಚೇರಿಗೆ ಸೂಚಿಸಬೇಕಾಯಿತು. ಸಚಿವ ವಿ.ಕೆ. ಸಿಂಗ್ ಜಿದ್ದಾಕ್ಕೆ ಧಾವಿಸಿದರು. ಮರುವರ್ಷ ಕಂಪೆನಿ ಬಾಗಿಲು ಮುಚ್ಚಿತು. ಬರಿಗೈಯಲ್ಲಿ ಮರಳಿದವರು ಕಳೆದುಕೊಂಡದ್ದು ಕೆಲವು ತಿಂಗಳ ಸಂಬಳ ಮಾತ್ರವಲ್ಲ, ವರ್ಷಾನುಗಟ್ಟಲೆ ಕೂಡಿಟ್ಟಿದ್ದೇವೆಂದು ಭಾವಿಸಿದ್ದ ಸೇವಾಂತ್ಯದ ಹಣವನ್ನೂ. 2020ರ ಕೊರೋನಾ ಕಾಲದಲ್ಲಿಯೂ ಇದೇ ಆಯಿತು. ಕೆಲಸ ಕಳಕೊಂಡವರು ವಿಮಾನವೇರುವ ಆತುರದಲ್ಲಿ ಬಾಕಿಯನ್ನು ಕೇಳದೆ ಬಂದರು. ಆಗ ಸಮುದಾಯದ ಸಂಘಟನೆಗಳು ಚಾರ್ಟರ್ಡ್ ವಿಮಾನಗಳನ್ನು ಏರ್ಪಡಿಸಿ ಪ್ರಶಂಸೆ ಗಳಿಸಿದವು. ಅವರ ಬಾಕಿ ವೇತನದ ದಾಖಲೆಗಳನ್ನು ಸಂಗ್ರಹಿಸಿ ಹೋರಾಡುವ ಕೆಲಸಕ್ಕೂ ಅಷ್ಟೇ ಉತ್ಸಾಹ ಬೇಕಿತ್ತು.

ನಾಲ್ಕನೆಯದು, ವಾಸ ಮತ್ತು ಜೀವರಕ್ಷೆ. 2024ರ ಜೂನ್ 12ರ ಮುಂಜಾನೆ ಕುವೈತ್‌ನ ಮಂಗಫ್ ಎಂಬಲ್ಲಿ ವಿದೇಶಿ ಕಾರ್ಮಿಕರು ಮಲಗಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಎರಡು ದಿನಗಳ ಬಳಿಕ ವಾಯುಪಡೆಯ ವಿಮಾನವೊಂದು 45 ಭಾರತೀಯರ ಪಾರ್ಥಿವ ಶರೀರಗಳನ್ನು ಕೊಚ್ಚಿಗೆ ತಂದಿಳಿಸಿತು. ಮೃತರಲ್ಲಿ ಹೆಚ್ಚಿನವರು ಕೇರಳದವರು, ನಮ್ಮ ಕಲಬುರಗಿ ಜಿಲ್ಲೆಯವರೊಬ್ಬರೂ ಅವರಲ್ಲಿದ್ದರು. ನೆಲಮಹಡಿಯಲ್ಲಿ ಹತ್ತಿದ ಬೆಂಕಿಗಿಂತ ಮೆಟ್ಟಿಲುಗಳನ್ನು ತುಂಬಿದ ಹೊಗೆಗೆ ಬಲಿಯಾದವರೇ ಹೆಚ್ಚು. ಇದನ್ನು ‘ವಿಧಿ’ ಎಂದು ಕರೆದು ಕೈ ತೊಳೆದುಕೊಳ್ಳುವವರಿಗೆ ಒಂದು ಪ್ರಶ್ನೆ: ಒಂದೇ ಕಟ್ಟಡದಲ್ಲಿ ನೂರಾ ತೊಂಬತ್ತಕ್ಕೂ ಹೆಚ್ಚು ಮಂದಿಯನ್ನು ಮಲಗಿಸಬೇಕೆಂದು ನಿರ್ಧರಿಸಿದ್ದು ವಿಧಿಯೇ, ವ್ಯವಸ್ಥಾಪಕರೇ? ಕಂಪೆನಿಯ ಮ್ಯಾನೇಜರನಿಗೆ ಮನೆ ಹುಡುಕುವಾಗ ತುರ್ತು ನಿರ್ಗಮನ ದ್ವಾರವನ್ನು ಪರೀಕ್ಷಿಸುವ ಕಣ್ಣುಗಳು ಕಾರ್ಮಿಕರ ವಸತಿಯ ಮುಂದೆ ಕುರುಡಾಗುವುದೇಕೆ?

ಬಿಸಿಲಿನ ಮಾತೂ ಅಷ್ಟೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ತೆರೆದ ಬಯಲಲ್ಲಿ ದುಡಿಸುವಂತಿಲ್ಲ. ಕತಾರ್ 2021ರಲ್ಲಿ ಈ ಅವಧಿಯನ್ನು ಜೂನ್ 1ರಿಂದ ಆರಂಭಿಸಿ, ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆಯ ವರೆಗೆ ವಿಸ್ತರಿಸಿತು. ಸೂರ್ಯನು ಕ್ಯಾಲೆಂಡರ್ ನೋಡಿ ಉರಿಯುವುದಿಲ್ಲ. ನಿಯಮವು ಕನಿಷ್ಠವನ್ನಷ್ಟೇ ಹೇಳುತ್ತದೆ. ಕೆಲಸಗಾರನ ಕಣ್ಣು ಮಂಜಾದಾಗ ಆತನನ್ನು ನೆರಳಿಗೆ ಕಳುಹಿಸುವುದು ಮೇಲ್ವಿಚಾರಕನ ಮನುಷ್ಯತ್ವಕ್ಕೆ ಬಿಟ್ಟದ್ದು.

ಐದನೆಯದು, ಕುಟುಂಬ. ಕುಟುಂಬವನ್ನು ಕರೆಸಿಕೊಳ್ಳಲು ಸಂಯುಕ್ತ ಅರಬ್ ಸಂಸ್ಥಾನವು 2019ರಲ್ಲಿ ವಿಧಿಸಿದ ಷರತ್ತು ತಿಂಗಳಿಗೆ 4,000 ದಿರ್ಹಂ, ಇಲ್ಲವೇ ವಸತಿಯೊಂದಿಗೆ 3,000 ದಿರ್ಹಂ ಆದಾಯ. ಸೌದಿಯು 2017ರ ಜುಲೈಯಿಂದ ಪ್ರತಿಯೊಬ್ಬ ಅವಲಂಬಿತನಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿ, 2020ರ ವೇಳೆಗೆ ಅದನ್ನು 400ಕ್ಕೆ ಏರಿಸಿತು. ಆ ವರ್ಷಗಳಲ್ಲಿ ಎಷ್ಟು ಮಡದಿ ಮಕ್ಕಳು ಊರಿಗೆ ಮರಳಿದರೆಂಬುದು ನಮ್ಮ ಪಟ್ಟಣಗಳ ಶಾಲೆಗಳಿಗೆ ಗೊತ್ತು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆಯ ಲೆಕ್ಕದಲ್ಲಿ ಇಪ್ಪತ್ತನಾಲ್ಕು ವರ್ಷಗಳ ದಾಂಪತ್ಯವನ್ನು ಕೂಡಿಸಿದರೆ ಜೊತೆಯಾಗಿ ಕಳೆದದ್ದು ಎರಡೇ ವರ್ಷ. ಇಂಥ ಬದುಕನ್ನು ಮಗಳಿಗೆ ಗೊತ್ತುಮಾಡುವಾಗ ವರನ ಸಂಬಳ ಕೇಳುವ ನಾವು, ಆತನ ವೀಸಾ ಎಂಥದು, ಒಪ್ಪಂದದ ಪ್ರತಿ ಇದೆಯೇ, ಕುಟುಂಬವನ್ನು ಕರೆಸುವ ಅರ್ಹತೆ ಇದೆಯೇ ಎಂದು ಕೇಳುವುದಿಲ್ಲ. ಕೇಳುವುದು ಅವಮಾನವಲ್ಲ, ಹೆಣ್ಣಿನ ಹಕ್ಕು.

ಇನ್ನು ಸರಕಾರದ ಕಡೆಗೆ ತಿರುಗೋಣ. ನಮ್ಮ ಎಂಜಿನಿಯರ್‌ಗಳನ್ನು ಕಂಪೆನಿಗಳು ಯುರೋಪಿಗೆ ಕಳುಹಿಸಿದಾಗ ಎರಡೆರಡು ಕಡೆ ಭವಿಷ್ಯ ನಿಧಿ ಕಟ್ಟುವ ತೊಂದರೆಯಾಗಬಾರದೆಂದು ಭಾರತವು ಬೆಲ್ಜಿಯಂ, ಜರ್ಮನಿ, ಫ್ರಾನ್ಸ್ ಮುಂತಾದ ಸುಮಾರು ಇಪ್ಪತ್ತು ರಾಷ್ಟ್ರಗಳೊಂದಿಗೆ ಸಾಮಾಜಿಕ ಭದ್ರತಾ ಒಪ್ಪಂದ ಮಾಡಿಕೊಂಡಿತು. ಭವಿಷ್ಯ ನಿಧಿ ಸಂಸ್ಥೆಯಿಂದ ಒಂದು ಪ್ರಮಾಣಪತ್ರ ಪಡೆದರೆ ಸಾಕು. ಲಕ್ಷಾಂತರ ಕಾರ್ಮಿಕರು ದುಡಿಯುವ ಕೊಲ್ಲಿಯ ಆರು ರಾಷ್ಟ್ರಗಳು ಆ ಪಟ್ಟಿಯಲ್ಲಿಲ್ಲ. ಅವರಿಗೆ ಸಿಕ್ಕಿದ್ದು ಕಾರ್ಮಿಕರ ಕುರಿತಾದ ತಿಳುವಳಿಕೆ ಪತ್ರಗಳು. 1983ರ ವಲಸೆ ಕಾಯ್ದೆಯು ಮೋಸಗಾರ ಏಜೆಂಟನಿಗೆ ಗೊತ್ತುಪಡಿಸಿದ ದಂಡ ಗರಿಷ್ಠ 2,000 ರೂಪಾಯಿ. ಸೆರೆವಾಸ ಎರಡು ವರ್ಷ. ಒಂದು ವೀಸಾದಲ್ಲಿ ಲಕ್ಷ ಗಳಿಸುವವನಿಗೆ ಈ ದಂಡ ಚಹಾದ ಖರ್ಚು. ಆ ಕಾಯ್ದೆಯ ಜಾಗಕ್ಕೆ ಹೊಸ ಮಸೂದೆಯ ಕರಡನ್ನು 2025ರಲ್ಲಿ ಪ್ರಕಟಿಸಿ ಅಭಿಪ್ರಾಯ ಕೇಳಲಾಯಿತು. ನಮ್ಮ ಎಷ್ಟು ಸಂಘಟನೆಗಳು ಅದನ್ನು ಓದಿ ಅಭಿಪ್ರಾಯ ಬರೆದವು?

ವಿಪರ್ಯಾಸವೊಂದನ್ನು ನೋಡಿ. ಹತ್ತನೇ ತರಗತಿ ಉತ್ತೀರ್ಣನಾಗದವನು ಕೊಲ್ಲಿಗೆ ಹೋಗಬೇಕಾದರೆ ವಲಸೆ ಅನುಮತಿ ಬೇಕು. ಅವನಿಗೆ ಪ್ರವಾಸಿ ಭಾರತೀಯ ವಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಮೃತಪಟ್ಟರೆ 10 ಲಕ್ಷ ರೂಪಾಯಿ. ಹತ್ತನೇ ತರಗತಿ ದಾಟಿದವನಿಗೆ ಅನುಮತಿಯ ಕಿರಿಕಿರಿ ಇಲ್ಲ, ಆದರೆ ಆ ರಕ್ಷಣೆಯ ಕಡ್ಡಾಯವೂ ಇಲ್ಲ. ನಮ್ಮ ಪಟ್ಟಣಗಳ ಯುವಕರಲ್ಲಿ ಹೆಚ್ಚಿನವರು ಎರಡನೆಯ ಗುಂಪಿನವರು. ಕಲಿತದ್ದೇ ಅವರನ್ನು ಸರಕಾರದ ಕಣ್ಣಿನಿಂದ ಮರೆಮಾಡಿತು! ವಲಸೆ ಕಾರ್ಮಿಕರ ಮತ್ತು ಅವರ ಕುಟುಂಬಗಳ ಹಕ್ಕುಗಳ ಕುರಿತಾದ ವಿಶ್ವಸಂಸ್ಥೆಯ 1990ರ ಒಡಂಬಡಿಕೆಗೆ ಕೊಲ್ಲಿಯ ಯಾವ ರಾಷ್ಟ್ರವೂ ಸೇರಿಲ್ಲ, ಭಾರತವೂ ಸೇರಿಲ್ಲ. ಕಳುಹಿಸುವವರೂ ಕರೆಸಿಕೊಳ್ಳುವವರೂ ಇದೊಂದು ವಿಷಯದಲ್ಲಿ ಒಮ್ಮತದಿಂದಿದ್ದಾರೆ. ನೆರೆಯ ಕೇರಳವು 1996ರಲ್ಲೇ ಅನಿವಾಸಿಗಳಿಗಾಗಿ ನೋರ್ಕಾ ಎಂಬ ಇಲಾಖೆ ತೆರೆಯಿತು. 2008ರ ಕಾಯ್ದೆಯ ಮೂಲಕ ಕ್ಷೇಮನಿಧಿ ಸ್ಥಾಪಿಸಿ, ಕಂತು ಕಟ್ಟಿದ ಅನಿವಾಸಿಗೆ ಮುಪ್ಪಿನಲ್ಲಿ ಪಿಂಚಣಿಯ ದಾರಿ ಮಾಡಿತು. ಕರ್ನಾಟಕದ ಆಡಳಿತಗಾರರು ಕೊಲ್ಲಿಗೆ ಬಂದು ಸನ್ಮಾನ ಸ್ವೀಕರಿಸುವಾಗ ಇದನ್ನು ಅವರ ಮುಂದಿಡುವ ಧೈರ್ಯ ನಮ್ಮ ಅನಿವಾಸಿ ಗಣ್ಯರಿಗೆ ಬರಬೇಕು.

ನಮ್ಮ ಈ ಮಾತುಗಳಿಗೆ ಎರಡು ದಿಕ್ಕಿನಿಂದ ಆಕ್ಷೇಪ ಬರುವುದೆಂದು ನಾವು ಬಲ್ಲೆವು. ‘ಅನ್ನ ಕೊಟ್ಟ ನಾಡನ್ನು ದೂರಬೇಡಿ’ ಎನ್ನುವವರು ಒಂದು ಕಡೆ. ಅನ್ನ ಯಾರೂ ಪುಕ್ಕಟೆ ಕೊಟ್ಟಿಲ್ಲ. ಆ ನಾಡಿನ ರಸ್ತೆ, ಗೋಪುರ, ಬಂದರುಗಳನ್ನು ಕಟ್ಟಿದ ಬೆವರಿನ ಬೆಲೆಯದು. ಕೃತಜ್ಞತೆ ಎಂದರೆ ಅನ್ಯಾಯದ ಮುಂದೆ ಮೌನವಲ್ಲ. ತಪ್ಪನ್ನು ತಿದ್ದುವುದೂ ಹಿತೈಷಿಯ ಲಕ್ಷಣ. ಇನ್ನೊಂದು ಕಡೆ, ಅರಬ್ ನಾಡಿನ ಕಾರ್ಮಿಕರ ಸಂಕಟವನ್ನು ಕಂಡು ಹಠಾತ್ತನೆ ಕಣ್ಣೀರು ಸುರಿಸಿ, ಅದನ್ನೇ ಇಲ್ಲಿನ ಮುಸ್ಲಿಮರನ್ನು ಹಂಗಿಸಲು ಬಳಸುವವರಿದ್ದಾರೆ. ಅವರಿಗೆ ಕಾರ್ಮಿಕನ ಮೇಲೆ ಪ್ರೀತಿಯಿದ್ದರೆ, ಬೆಂಗಳೂರಿನ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡುಗಳಲ್ಲಿ ಬದುಕುವ ಬಿಹಾರ, ಒಡಿಶಾ, ರಾಯಚೂರುಗಳ ಕಾರ್ಮಿಕರನ್ನೂ ಒಮ್ಮೆ ನೋಡಲಿ. ಶೋಷಣೆಗೆ ಧರ್ಮವಿಲ್ಲ. ಮಂಗಫ್‌ನ ಹೊಗೆಯು ಯಾರ ಹೆಸರನ್ನೂ ಕೇಳಿರಲಿಲ್ಲ.

ಹಾಗಾದರೆ ಏನು ಮಾಡಬೇಕು? ಮಾಲಿಕರೂ ವ್ಯವಸ್ಥಾಪಕರೂ ಆಗಿರುವ ನಮ್ಮ ಸಹೋದರರು ಇಷ್ಟನ್ನಾದರೂ ಇಂದೇ ಮಾಡಬಹುದು. ನೇಮಕಾತಿಯ ಖರ್ಚನ್ನು ಕಂಪೆನಿಯೇ ಭರಿಸಲಿ; ಈಗಾಗಲೇ ವಸೂಲು ಮಾಡಿದ್ದರೆ ಹಿಂದಿರುಗಿಸಲಿ. ಕಪಾಟು ತೆರೆದು ಪಾಸ್‌ಪೋರ್ಟುಗಳನ್ನು ಅವರವರ ಕೈಗೆ ಕೊಡಲಿ. ಮೂಲ ವೇತನವನ್ನು ಪ್ರಾಮಾಣಿಕವಾಗಿ ಬರೆಯಲಿ, ಗ್ರಾಚ್ಯುಟಿಯನ್ನು ತಿಂಗಳು ತಿಂಗಳು ಪ್ರತ್ಯೇಕ ಖಾತೆಯಲ್ಲಿಡಲಿ. ವಸತಿಯಲ್ಲಿ ತಾವೇ ಒಂದು ರಾತ್ರಿ ಮಲಗಿ ನೋಡಲಿ. ಮ್ಯಾನೇಜರನಿಗಾಗಿ ಸಿದ್ಧಪಡಿಸಿದ ಆ ಐದು ಹಂತಗಳ ಪಟ್ಟಿಯನ್ನು ಕಾರ್ಮಿಕನ ಹೆಸರಿನ ಮುಂದೆಯೂ ಇಟ್ಟು, ಯಾವುದು ಖಾಲಿ ಇದೆಯೆಂದು ಗುರುತು ಹಾಕಲಿ.

ಜಮಾಅತ್‌ಗಳು ವಿವಾಹ ನೋಂದಣಿ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕವಿಡಲಿ. ವಿದೇಶಕ್ಕೆ ಹೊರಟವನ ಒಪ್ಪಂದದ ಪ್ರತಿ, ಕಂಪೆನಿಯ ಹೆಸರು, ಏಜೆಂಟನ ನೋಂದಣಿ ಸಂಖ್ಯೆ, ಕೊಟ್ಟ ಹಣ ಇವಿಷ್ಟು ಅದರಲ್ಲಿರಲಿ. ವೀಸಾ ವ್ಯಾಪಾರದ ಹಣ ಹಲಾಲೋ ಅಲ್ಲವೋ ಎಂಬುದನ್ನು ಉಲೇಮಾಗಳು ಮಿಂಬರ್‌ನಿಂದ ಸ್ಪಷ್ಟವಾಗಿ ಹೇಳಲಿ. ಕುಟುಂಬಗಳು ಸಹಿ ಹಾಕುವ ಮುನ್ನ ಒಪ್ಪಂದವನ್ನು ಓದಿಸಿ ಕೇಳಲಿ. ಭೇಟಿ ವೀಸಾದಲ್ಲಿ ಹೋಗಿ ಕೆಲಸ ಹುಡುಕುವ ಸಾಹಸಕ್ಕೆ ಮಗನನ್ನು ತಳ್ಳದಿರಲಿ. 275 ರೂಪಾಯಿಯ ವಿಮೆಯು ಆತನಿಗೆ ಅನ್ವಯಿಸುವುದಾದರೆ ಬಿಡದಿರಲಿ, ಅನ್ವಯಿಸದಿದ್ದರೆ ಬೇರೊಂದು ವಿಮೆ ಮಾಡಿಸಲಿ.

ಮಗ ವಿಮಾನವೇರಿದ ಮೇಲೆ ಮನೆಯವರು ಪ್ರಾರ್ಥಿಸುತ್ತಾರೆ, ಪ್ರಾರ್ಥಿಸಬೇಕು. ಆದರೆ ಪ್ರಾರ್ಥನೆಯು ಮನೆಯವರ ಪಾಲಿನ ಕರ್ತವ್ಯ, ಮಾಲಿಕನ ಕರ್ತವ್ಯಕ್ಕೆ ಬದಲಿಯಲ್ಲ. ಆತನನ್ನು ಕರೆಸಿಕೊಂಡವರು, ಕಳುಹಿಸಿದವರು, ಆತನ ಹಣದಿಂದ ಖಜಾನೆ ತುಂಬಿಸಿಕೊಂಡವರು, ಎಲ್ಲರೂ ಆತ ಸುರಕ್ಷಿತವಾಗಿ, ಪೂರ್ತಿ ಕೂಲಿಯೊಂದಿಗೆ ಮನೆಯ ಹೊಸ್ತಿಲು ತುಳಿಯುವ ತನಕ ಹೊಣೆಗಾರರು. ಹೊಣೆ ಮುಗಿಯುವುದು ಅಲ್ಲಿ, ವಿಮಾನ ನಿಲ್ದಾಣದಲ್ಲಲ್ಲ.